ಪಡಸಾಲೆಯಲ್ಲಿ ಹುಟ್ಟಿದ ಸಭೆಗಳ ಚರಿತ್ರೆ

ಸಭೆಗೆ 25 ವರ್ಷ ತುಂಬಿದರೆ ಒಂದು ಸ್ಮರಣ ಸಂಚಿಕೆ ಬರುತ್ತದೆ. ಹೊಳಪು ಕಾಗದದ ಮುಖಪುಟ, ಶಾಸಕರ ಶುಭಾಶಯ, ನೆರೆಯ ಸಭೆಗಳ ಪಾಸ್ಟರುಗಳ ಹಾರೈಕೆ, ಪಾಸ್ಟರ್ ಕುಟುಂಬದ ಸ್ಟುಡಿಯೋ ಫೋಟೋ, ಸಿಮೆಂಟ್ ಅಂಗಡಿಯ ಜಾಹೀರಾತು. ನಡುವೆ ಎಲ್ಲೋ ಒಂದೂವರೆ ಪುಟದಷ್ಟು ‘ಸಭೆ ನಡೆದುಬಂದ ದಾರಿ’. ಅಲ್ಲಿ ಹೀಗೊಂದು ಮಾತು ಹೆಚ್ಚುಕಡಿಮೆ ಇದ್ದೇ ಇರುತ್ತದೆ: ಮೊದಮೊದಲು ಒಬ್ಬ ಸಹೋದರಿಯ ಮನೆಯಲ್ಲಿ ನಾಲ್ಕೈದು ಕುಟುಂಬಗಳು ಪ್ರಾರ್ಥನೆಗೆ ಕೂಡುತ್ತಿದ್ದವು, ದೇವರ ಕೃಪೆಯಿಂದ ಸಭೆ ಇಂದು ಈ ಮಟ್ಟಕ್ಕೆ ಬೆಳೆದಿದೆ.

ಆ ಸಹೋದರಿಯ ಹೆಸರೇನು? ಮನೆ ಯಾವ ಬೀದಿಯದು, ಸ್ವಂತದ್ದೋ ಬಾಡಿಗೆಯದೋ? ಅವರಿಗೆ ಸುವಾರ್ತೆ ಹೇಳಿದವರು ಯಾರು, ಯಾವ ಭಾಷೆಯಲ್ಲಿ? ಹಾಡು, ಚಪ್ಪಾಳೆಯ ಸದ್ದಿಗೆ ಅಕ್ಕಪಕ್ಕದವರು ಏನೆಂದರು? ಮನೆಯ ಓನರ್ ಎಷ್ಟು ದಿನ ತಡೆದುಕೊಂಡರು? ಸಂಚಿಕೆ ಇದನ್ನೆಲ್ಲ ಹೇಳುವುದಿಲ್ಲ. ಸಭೆಯ ಹಿರಿಯರಲ್ಲಿ ಇಬ್ಬರಿಗೋ ಮೂವರಿಗೋ ಗೊತ್ತಿರುತ್ತದೆ. ಅವರು ಕರ್ತನಲ್ಲಿ ನಿದ್ರೆಹೋದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಕರ್ನಾಟಕದ ಪೆಂಟೆಕೋಸ್ಟಲ್ ಸಭೆಗಳ ಚರಿತ್ರೆಯನ್ನು ಉಳಿಸಿಕೊಳ್ಳುವ ಪ್ರಶ್ನೆ ಎಂದರೆ ಮುಖ್ಯವಾಗಿ ಈ ‘ಒಬ್ಬ ಸಹೋದರಿ’ಯ ಪ್ರಶ್ನೆ. ದೊಡ್ಡ ಪಂಗಡಗಳಿಗೆ, ಹೆಸರಾಂತ ಬೋಧಕರಿಗೆ ಹೇಗೋ ಒಂದು ಚರಿತ್ರೆ ದಕ್ಕುತ್ತದೆ. ಇಂದಿರಾನಗರದ ಹಿಂದಿನ ಗಲ್ಲಿಯ, ಕೋಲಾರದ ಕಾರ್ಮಿಕ ಲೈನಿನ, ಮಲೆನಾಡಿನ ರಬ್ಬರ್ ತೋಟದಂಚಿನ ಸಣ್ಣ ಸಭೆಗೆ ದಕ್ಕುವುದಿಲ್ಲ. ನನ್ನ ಮಟ್ಟಿಗೆ ಆಂದೋಲನ ನಡೆದದ್ದೇ ಅಂಥ ಸಭೆಗಳಲ್ಲಿ.

ಇದೇ ನಾಡಿನ ಇನ್ನೊಂದು ಸಭೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಪಾದ್ರಿಗಳು ಮಾಡಿದ ಪ್ರತಿ ಕೆಲಸಕ್ಕೂ ಸ್ವಿಟ್ಜರ್ಲೆಂಡಿಗೆ ವರದಿ ಕಳಿಸಬೇಕಿತ್ತು. ಆ ವರದಿಗಳು, ಪತ್ರಗಳು, ಸಾವಿರಾರು ಫೋಟೋಗಳು ಇಂದು ಬಾಸೆಲ್ ನಗರದ ಸಂಗ್ರಹಾಲಯದಲ್ಲಿವೆ. ಫೋಟೋಗಳನ್ನು ಮನೆಯಲ್ಲಿ ಕುಳಿತೇ ಅಂತರ್ಜಾಲದಲ್ಲಿ ನೋಡಬಹುದು. ಇತ್ತ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹವಿದೆ. ಕಥೋಲಿಕ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳು ತಲೆಮಾರುಗಳಿಂದ ನಡೆದುಬಂದಿವೆ. ಹಾಗಾಗಿ 1850ರ ದಶಕದ ಒಬ್ಬ ನೇಕಾರನ ಹೆಸರನ್ನು ಹುಡುಕಿ ತೆಗೆಯುವ ಸಾಧ್ಯತೆ ಇದೆ, ಅದೇ ಊರಿನಲ್ಲಿ 1975ರಲ್ಲಿ ನೀರಿನ ದೀಕ್ಷಾಸ್ನಾನ ಪಡೆದವರ ಪಟ್ಟಿ ಸಿಗುವ ಭರವಸೆ ಇಲ್ಲ. ಹಳೆಯದು ಉಳಿದಿದೆ, ನಮ್ಮ ಕಣ್ಣೆದುರಿನದು ಕರಗುತ್ತಿದೆ.

ಪಂಚಾಶತ್ತಮ ದಿನದ ಅನುಭವವನ್ನು ತಮ್ಮದಾಗಿಸಿಕೊಂಡ ಈ ಸಭೆಗಳ ಕಥೆ ಶುರುವಾಗುವುದು 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ, ವಿಲಿಯಂ ಸೀಮೋರ್ ಎಂಬ ಕಪ್ಪು ಬೋಧಕನ ಕೂಟಗಳಲ್ಲಿ ಎಂದು ಹೇಳುವ ವಾಡಿಕೆಯಿದೆ. ಆದರೆ ಅದಕ್ಕೂ ಒಂದು ವರ್ಷ ಮುಂಚೆ, 1905ರಲ್ಲಿ, ಪುಣೆಯ ಬಳಿಯ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಬರಗಾಲದಿಂದ ಪಾರಾಗಿ ಬಂದ ಹೆಣ್ಣುಮಕ್ಕಳು ರಾತ್ರಿಯೆಲ್ಲ ಅತ್ತು ಪ್ರಾರ್ಥಿಸಿದರು. ಮುಕ್ತಿಯನ್ನು ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಕನ್ನಡ ನೆಲದ ಪೆಂಟೆಕೋಸ್ಟಲರು ತಮ್ಮ ಚರಿತ್ರೆಯ ಮೊದಲ ಪುಟದಲ್ಲಿ ಈ ಹೆಸರನ್ನು ಬರೆದುಕೊಳ್ಳಬಹುದು. ಎಷ್ಟು ಸಭೆಗಳಲ್ಲಿ ಈ ಹೆಸರನ್ನು ಮಕ್ಕಳಿಗೆ ಹೇಳಿಕೊಡುತ್ತಾರೆ?

ಮುಕ್ತಿಯ ಸಂಗತಿ ಲೋಕಕ್ಕೆ ತಿಳಿದದ್ದು ಅಲ್ಲಿದ್ದ ಮಿನ್ನಿ ಏಬ್ರಮ್ಸ್ ಎಂಬಾಕೆ ಅದನ್ನು ಬರೆದಿಟ್ಟದ್ದರಿಂದ. 1906ರಲ್ಲಿ ಆಕೆ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ಅದರ ಒಂದು ಪ್ರತಿಯನ್ನು ಚಿಲಿ ದೇಶದಲ್ಲಿದ್ದ ತಮ್ಮ ಹಳೆಯ ಸಹಪಾಠಿ ಮೇ ಹೂವರ್‌ಗೆ ಕಳಿಸಿದರು. ಹೂವರ್ ದಂಪತಿ ಅದನ್ನೋದಿ ಪ್ರಾರ್ಥನೆಗೆ ಕೂತರು. 1909ರಲ್ಲಿ ವಾಲ್ಪರೈಸೊದಲ್ಲಿ ಎದ್ದ ಉಜ್ಜೀವನದಿಂದ ಚಿಲಿಯ ಪೆಂಟೆಕೋಸ್ಟಲ್ ಸಭೆಗಳು ಹುಟ್ಟಿದವು. ಒಂದು ಆಶ್ರಮದ ಸ್ಥಳೀಯ ಸಂಗತಿಯನ್ನು ಯಾರೋ ಒಬ್ಬರು ಶ್ರದ್ಧೆಯಿಂದ ಬರೆದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೂ ಹಿಂದಿನ ಎರಡು ಪ್ರಸಂಗಗಳು ದಕ್ಷಿಣದಲ್ಲೇ ಇವೆ. ತಿರುನೆಲ್ವೇಲಿ ಸೀಮೆಯ ಜಾನ್ ಕ್ರಿಶ್ಚಿಯನ್ ಅರುಳಪ್ಪನ್ ಅವರ ಸಭೆಗಳಲ್ಲಿ 1860ರಲ್ಲಿ ಪ್ರವಾದನೆ, ಅನ್ಯಭಾಷೆಗಳ ಅನುಭವವಾಯಿತು. ಅವರು ದಿನಚರಿ ಬರೆಯುತ್ತಿದ್ದರು, ಅದರ ಭಾಗಗಳು ಆಗಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾದವು, ಹಾಗಾಗಿ ಇಂದಿಗೂ ವಿದ್ವಾಂಸರು ಅವರನ್ನು ಓದುತ್ತಾರೆ. ತಿರುವಾಂಕೂರಿನಲ್ಲಿ ಬ್ರಾಹ್ಮಣ ಮೂಲದ ಯುಸ್ತುಸ್ ಯೋಸೇಫ್ 1870ರ ದಶಕದಲ್ಲಿ ಒಂದು ಉಜ್ಜೀವನವನ್ನು ನಡೆಸಿದರು. ಕ್ರಿಸ್ತನ ಬರೋಣ 1881ರಲ್ಲಿ ಎಂದು ಆ ಗುಂಪು ನಂಬಿತ್ತು. ಆ ವರ್ಷ ಕಳೆಯಿತು, ಗುಂಪು ಕ್ಷೀಣಿಸಿತು, ಅವರ ಮಲಯಾಳ ಕೀರ್ತನೆಗಳು ಮಾತ್ರ ಬೇರೆ ಸಭೆಗಳ ಬಾಯಲ್ಲಿ ಉಳಿದವು. ಒಂದು ಕಡೆ ದಿನಚರಿ ಉಳಿಸಿತು, ಇನ್ನೊಂದು ಕಡೆ ಹಾಡು. ಎರಡೂ ಇಲ್ಲದ ಸಭೆಗಳು ಎಷ್ಟಿದ್ದವೋ.

ಬೆಂಗಳೂರಿನ ವಿಷಯಕ್ಕೆ ಬರೋಣ. ಅಜೂಸಾದ ಬೆಂಕಿ ತಗುಲಿದ ಮಿಷನರಿ ಜಾರ್ಜ್ ಬರ್ಗ್ ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡು ತಿರುವಾಂಕೂರಿಗೆ ಹೋಗಿ ಬೋಧಿಸುತ್ತಿದ್ದರು. 1913ರಲ್ಲಿ ಇನ್ನೊಬ್ಬ ಮಿಷನರಿ ರಾಬರ್ಟ್ ಕುಕ್ ಬಂದಿಳಿದದ್ದೂ ಬೆಂಗಳೂರಿಗೇ. ಮುಂದೆ ಅವರು ಕೇರಳಕ್ಕೆ ಹೋಗಿ ಕೊನೆಗೆ ಮುಳಕ್ಕುಳದಲ್ಲಿ ತಮ್ಮ ಕೆಲಸದ ಕೇಂದ್ರ ಕಟ್ಟಿದರು. ಪ್ರಕಟವಾದ ಚರಿತ್ರೆಗಳಲ್ಲಿ ಬೆಂಗಳೂರು ಹೀಗೆ ಹಾದುಹೋಗುವ ಸ್ಟೇಷನ್ನು: ಮಿಷನರಿ ಇಲ್ಲಿ ಇಳಿಯುತ್ತಾರೆ, ಸಾಮಾನು ಕಟ್ಟಿಕೊಂಡು ಕೇರಳದ ರೈಲು ಹತ್ತುತ್ತಾರೆ, ಕಥೆ ಅವರ ಹಿಂದೆ ಹೋಗಿಬಿಡುತ್ತದೆ. ಅವರ ಕೂಟಕ್ಕೆ ಬಂದ ದಂಡು ಪ್ರದೇಶದ ಬಟ್ಲರುಗಳು, ಆಯಾಗಳು, ರೈಲ್ವೆ ನೌಕರರ ಕಥೆ ಪ್ಲಾಟ್‌ಫಾರಂ ಮೇಲೆ ಉಳಿಯುತ್ತದೆ.

ಕೇರಳದವರು ಬರೆದರು, ಇದನ್ನು ಒಪ್ಪಲೇಬೇಕು. ಕುಕ್ ತಮ್ಮ ನೆನಪುಗಳನ್ನು 1955ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅವರ ಜೊತೆಗಿದ್ದು, ಹಣ, ಆಸ್ತಿ, ಸ್ಥಳೀಯ ಸಭೆಯ ಸ್ವಾತಂತ್ರ್ಯದ ವಿಷಯಕ್ಕೆ 1930ರಲ್ಲಿ ಬೇರೆಯಾದ ಕೆ. ಇ. ಅಬ್ರಹಾಂ ತಮ್ಮ ಆತ್ಮಕಥೆಯನ್ನು 1965ರಲ್ಲಿ ಮಲಯಾಳದಲ್ಲಿ ಬರೆದರು. ಅವರ ಇಂಡಿಯಾ ಪೆಂಟೆಕೋಸ್ಟಲ್ ಚರ್ಚ್ ಆಫ್ ಗಾಡ್ 1935ರಲ್ಲಿ ಆಂಧ್ರದ ಏಲೂರಿನಲ್ಲಿ ನೋಂದಣಿಯಾಯಿತು. ಒಂದೇ ಜಗಳವನ್ನು ಎರಡು ಕಡೆಯವರೂ ಬರೆದಿಟ್ಟದ್ದರಿಂದ ಇಂದು ಓದುವವನು ಎರಡನ್ನೂ ತೂಗಿ ನೋಡಬಹುದು. ಜರ್ಮನ್ ವಿದ್ವಾಂಸ ಮೈಕೇಲ್ ಬೆರ್ಗುಂಡರ್ 1990ರ ದಶಕದಲ್ಲಿ ಊರೂರು ತಿರುಗಿ ಪಾಸ್ಟರುಗಳನ್ನು ಮಾತಾಡಿಸಿ ದಕ್ಷಿಣ ಭಾರತದ ಪೆಂಟೆಕೋಸ್ಟಲ್ ಆಂದೋಲನದ ದೊಡ್ಡ ಅಧ್ಯಯನ ಮಾಡಿದರು. ಅದರ ಇಂಗ್ಲಿಷ್ ರೂಪ 2008ರಲ್ಲಿ ಬಂತು. ಅದೇ ವರ್ಷ ವಿ. ವಿ. ಥಾಮಸ್ ಅವರ, ದಲಿತ ಪೆಂಟೆಕೋಸ್ಟಲರ ಆಧ್ಯಾತ್ಮಿಕತೆಯ ಮೇಲಿನ ಪುಸ್ತಕವೂ ಹೊರಬಂತು. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೆ ಇವುಗಳಲ್ಲಿ ಕನ್ನಡದ ಸಭೆ ಅಂಚಿನಲ್ಲಿ ನಿಂತ ನೆಂಟ.

ಸಣ್ಣ ಸಭೆಗಳು ಕಾಗದ ಇಟ್ಟುಕೊಳ್ಳಲಿಲ್ಲ ಎಂದು ದೂರುವುದು ಸುಲಭ. ಕಾರಣಗಳನ್ನು ಅರಿಯುವುದು ಒಳ್ಳೆಯದು. ಮೊದಲನೆಯದು ಅವರ ನಂಬಿಕೆಯದೇ. ಕರ್ತನು ಬೇಗ ಬರುತ್ತಾನೆ ಎಂದು ಕಾಯುವವರು ನೂರು ವರ್ಷದ ಮುಂದಿನ ಓದುಗರಿಗಾಗಿ ಕಡತ ಜೋಡಿಸುವುದಿಲ್ಲ. ಜೊತೆಗೆ, ಮಹಿಮೆಯೆಲ್ಲ ದೇವರಿಗೆ ಸಲ್ಲಬೇಕು, ಮನುಷ್ಯರ ಹೆಸರು ಮುಂದೆ ಬರಬಾರದು ಎಂಬ ವಿನಯ. ಈ ವಿನಯವನ್ನು ನಾನು ಗೌರವಿಸುತ್ತೇನೆ. ಆದರೆ ಅದು ಒಂದೇ ದಿಕ್ಕಿಗೆ ಹರಿಯುವುದನ್ನು ಗಮನಿಸಬೇಕು: ಫ್ಲೆಕ್ಸಿನಲ್ಲಿ ಪಾಸ್ಟರ ಹೆಸರು, ಫೋಟೋ ದೊಡ್ಡದಾಗಿಯೇ ಇರುತ್ತದೆ. ಮಹಿಮೆಯನ್ನು ದೇವರಿಗೆ ಬಿಟ್ಟುಕೊಟ್ಟು ಹೆಸರಿಲ್ಲದೆ ಹೋಗುವವರು ಚಾಪೆ ಹಾಸಿದವರು, ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಗಂಜಿ ಕಾಯಿಸಿದವರು.

ಪೆಂಟೆಕೋಸ್ಟಲರು ಎಲ್ಲಕ್ಕಿಂತ ಹೆಚ್ಚು ಓದುವ ಅಪೊಸ್ತಲರ ಕೃತ್ಯಗಳ ಪುಸ್ತಕ ಈ ವಿಷಯದಲ್ಲಿ ಅವರಿಗೆ ಬೇರೆಯದೇ ಪಾಠ ಹೇಳುತ್ತದೆ. ಪೇತ್ರನು ಯೊಪ್ಪದಲ್ಲಿ ಉಳಿದುಕೊಂಡದ್ದು ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ, ಆ ಮನೆ ಸಮುದ್ರದ ಬದಿಯಲ್ಲಿತ್ತು ಎಂದು ಲೂಕನು ವಿಳಾಸ ಸಮೇತ ಬರೆಯುತ್ತಾನೆ. ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ಬಾಗಿಲ ಸದ್ದಿಗೆ ಓಡಿಬಂದ ಕೆಲಸದ ಹುಡುಗಿಯ ಹೆಸರು ರೋದೆ ಎಂಬುದನ್ನೂ ಬಿಡುವುದಿಲ್ಲ. ಎರಡು ಸಾವಿರ ವರ್ಷಗಳ ನಂತರವೂ ರೋದೆ ನಮಗೆ ಗೊತ್ತು. ನಮ್ಮ ಊರಿನಲ್ಲಿ ಐವತ್ತು ವರ್ಷದ ಹಿಂದೆ ಬಾಗಿಲು ತೆರೆದವಳು ‘ಒಬ್ಬ ಸಹೋದರಿ’.

ಎರಡನೆಯ ಕಾರಣ ಬಾಡಿಗೆ. ಪಡಸಾಲೆಯಿಂದ ಶೆಡ್ಡಿಗೆ, ಶೆಡ್ಡಿನಿಂದ ಶಾಲೆಯ ಕೋಣೆಗೆ, ಅಲ್ಲಿಂದ ಕಲ್ಯಾಣ ಮಂಟಪದ ಮೇಲಂತಸ್ತಿಗೆ ಹೋಗುವ ಸಭೆ ಪ್ರತಿ ಸಲ ಸಾಮಾನು ಸಾಗಿಸುವಾಗ ಮೊದಲು ಬಿಟ್ಟುಹೋಗುವುದು ಹಳೆಯ ನೋಟ್‌ಪುಸ್ತಕಗಳನ್ನು. ಮೂರನೆಯದು ಒಡಕು. ಸಭೆ ಎರಡಾದರೆ ಕುರ್ಚಿ, ಮೈಕುಗಳನ್ನು ಹಂಚಿಕೊಳ್ಳುತ್ತಾರೆ, ಮಿನಿಟ್ಸ್ ಪುಸ್ತಕ ಒಬ್ಬರ ಮನೆಯ ಅಟ್ಟ ಸೇರುತ್ತದೆ. ಆಮೇಲೆ ಎರಡೂ ಸಭೆಗಳು ತಮ್ಮ ಚರಿತ್ರೆಯನ್ನು ಬೇರೆಯಾದ ದಿನದಿಂದ ಎಣಿಸುತ್ತವೆ. ಅದಕ್ಕೆ ಮುಂಚಿನ ಇಪ್ಪತ್ತು ವರ್ಷ ಯಾರದ್ದೂ ಅಲ್ಲ.

ನಾಲ್ಕನೆಯದು ಭಾಷೆ, ಇದು ನಮ್ಮ ರಾಜ್ಯದ ವಿಶೇಷ ತೊಡಕು. ಕೇರಳದಿಂದ ಬಂದ ಸುವಾರ್ತಿಕರು ಕನ್ನಡ ಕಲಿತು ಬೋಧಿಸಿದರು, ಆದರೆ ಲೆಕ್ಕವನ್ನು, ದಿನಚರಿಯನ್ನು ಮಲಯಾಳದಲ್ಲೇ ಬರೆದುಕೊಂಡರು. ಕೆಜಿಎಫ್‌ನಲ್ಲಿ ತಮಿಳು, ತೆಲುಗು. ನರಸಿಂಹರಾಜಪುರದ ಕಡೆಯ ವಲಸಿಗ ಕುಟುಂಬಗಳಲ್ಲಿ ಮತ್ತೆ ಮಲಯಾಳ. ಕಲ್ಯಾಣ ಕರ್ನಾಟಕದ ತಾಂಡಾಗಳಲ್ಲಿ ಹಾಡಿದ್ದು ಲಂಬಾಣಿಯಲ್ಲಿ, ಅದು ಕಾಗದಕ್ಕೆ ಇಳಿದದ್ದೇ ಕಡಿಮೆ. ಬೆಂಗಳೂರಿನ ಒಂದು ಸಾಧಾರಣ ಸಭೆಯಲ್ಲೂ ಬೋಧಕರ ಪಕ್ಕದಲ್ಲಿ ಭಾಷಾಂತರ ಮಾಡುವ ಸಹೋದರರು ನಿಂತಿರುತ್ತಾರೆ. ಮೂವತ್ತು ವರ್ಷ ಹಾಗೆ ನಿಂತವರ ನೆನಪಿನಲ್ಲಿ ಸಭೆಯ ಪ್ರತಿ ದೊಡ್ಡ ಪ್ರಸಂಗವೂ ಎರಡೆರಡು ಭಾಷೆಯಲ್ಲಿ ಇರುತ್ತದೆ. ಚರಿತ್ರೆ ಬರೆಯಲು ಹೊರಟವರು ಮೊದಲು ಹುಡುಕಬೇಕಾದದ್ದು ಇವರನ್ನು.

ಕೊನೆಯ ಕಾರಣ ಭಯ. ಇದನ್ನು ಮುಚ್ಚಿಟ್ಟು ಚರಿತ್ರೆಯ ಮಾತಾಡಲಾಗದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರು ಬಿದ್ದರೆ ಮಗಳ ವಿದ್ಯಾರ್ಥಿವೇತನ, ಮಗನ ನೌಕರಿಗೆ ಕುತ್ತು ಬಂದೀತು ಎಂದು ಎಷ್ಟೋ ಮನೆಗಳು ಅಂಜಿವೆ. 2021ರಲ್ಲಿ ಶಾಸಕಾಂಗ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು, 2022ರಲ್ಲಿ ಮತಾಂತರದ ಮೇಲೆ ಕಾಯ್ದೆ ಬಂತು. ಅಂಥ ದಿನಗಳಲ್ಲಿ ಪಾಸ್ಟರೊಬ್ಬರು ಪಟ್ಟಿಯನ್ನು ಹರಿದುಹಾಕಿದರೆ ಅದನ್ನು ಅಸಡ್ಡೆ ಎನ್ನಲು ನನಗೆ ಬಾಯಿ ಬಾರದು. ದಾಖಲೆ ಮಾಡುವವರು ಈ ಭಯವನ್ನೂ ದಾಖಲೆ ಮಾಡಬೇಕು, ಮತ್ತು ಹೆಸರು ಬಯಲಾಗಬೇಕೋ ಬೇಡವೋ ಎಂಬ ತೀರ್ಮಾನವನ್ನು ಹೆಸರಿನವರಿಗೇ ಬಿಡಬೇಕು. ಜೀವಂತ ಇರುವವರ ಸಾಕ್ಷಿಯನ್ನು ಒಂದು ಗೊತ್ತಾದ ಅವಧಿಯವರೆಗೆ ತೆರೆಯದಂತೆ ಮುಚ್ಚಿಡುವುದು ಒಳ್ಳೆಯ ಸಂಗ್ರಹಾಲಯಗಳಿಗೆ ಗೊತ್ತಿರುವ ಕ್ರಮ.

ಹಾಗಾದರೆ ಆಕರಗಳೇ ಇಲ್ಲವೇ? ಬೇಕಾದಷ್ಟಿವೆ. ನಾವು ಅವನ್ನು ಆಕರ ಎಂದು ಎಣಿಸಿಲ್ಲ. ಹಳೆಯ ವಿಶ್ವಾಸಿಗಳು ತಮ್ಮ ಬೈಬಲಿನ ಮೊದಲ ಹಾಳೆಯಲ್ಲಿ ರಕ್ಷಣೆ ಹೊಂದಿದ ದಿನ, ದೀಕ್ಷಾಸ್ನಾನದ ದಿನ, ಮಕ್ಕಳು ಹುಟ್ಟಿದ ದಿನಗಳನ್ನು ಬರೆದಿಟ್ಟಿರುತ್ತಾರೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಸಭೆಯ ಅಂದಿನ ಹೆಸರು, ವಿಳಾಸ, ಪಾಸ್ಟರ ಹೆಸರು ತಾರೀಖಿನ ಸಮೇತ ಸಿಗುತ್ತವೆ. ಕನ್ವೆನ್ಷನ್ನಿನ ಕರಪತ್ರಗಳು, ಕೈಬರಹದ ಹಾಡಿನ ಪುಸ್ತಕಗಳು, ದಶಮಾಂಶದ ರಸೀದಿಗಳು ಉಂಟು. ಸಭೆ ಸೊಸೈಟಿಯಾಗಿ ನೋಂದಣಿಯಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕಡಿಮೆಯೆಂದರೆ ಏಳು ಮಂದಿ ಸಹಿ ಹಾಕಿರಲೇಬೇಕು, ಆ ಏಳು ಹೆಸರುಗಳು ಸರ್ಕಾರಿ ಕಡತದಲ್ಲಿರುತ್ತವೆ. ಹೂಳಲು ಜಾಗ ಸಿಗದೆ ತಹಶೀಲ್ದಾರರಿಗೆ ಬರೆದ ಅರ್ಜಿಗಳನ್ನು ನಾನು ವಿಶೇಷವಾಗಿ ಹೆಸರಿಸುತ್ತೇನೆ. ಸ್ಮಶಾನದ ಜಾಗಕ್ಕಾಗಿ ಸಣ್ಣ ಸಭೆಗಳು ಪಟ್ಟ ಪಾಡು ಅವುಗಳ ಚರಿತ್ರೆಯ ಒಂದು ಇಡೀ ಅಧ್ಯಾಯ. ಸಿಎಸ್‌ಐ, ಮೆಥೊಡಿಸ್ಟ್ ಸಭೆಗಳನ್ನು ಬಿಟ್ಟು ಬಂದ ಕುಟುಂಬಗಳಾದರೆ ಆ ಹಳೆಯ ಸಭೆಗಳ ರಿಜಿಸ್ಟರುಗಳಲ್ಲೂ ಸುಳಿವು ಸಿಕ್ಕೀತು.

ದೂರದ ಆಕರಗಳೂ ಈಗ ಹತ್ತಿರವಾಗಿವೆ. ಇಂಗ್ಲೆಂಡಿನ ಸಂಡರ್ಲೆಂಡಿನಿಂದ ಅಲೆಕ್ಸಾಂಡರ್ ಬಾಡಿ 1908ರಿಂದ 1926ರವರೆಗೆ ನಡೆಸಿದ ‘ಕಾನ್ಫಿಡೆನ್ಸ್’ ಪತ್ರಿಕೆಯಲ್ಲಿ ಭಾರತದಿಂದ ಹೋದ ಪತ್ರಗಳಿವೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಫ್ಲವರ್ ಪೆಂಟೆಕೋಸ್ಟಲ್ ಹೆರಿಟೇಜ್ ಸೆಂಟರ್ ಇಂಥ ಹಳೆಯ ಪತ್ರಿಕೆಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಬೆಂಗಳೂರಿನ ಹೆಸರನ್ನು ಅಲ್ಲಿ ಹುಡುಕುತ್ತ ಕೂರಬಹುದು. ಒಂದು ಎಚ್ಚರ ಬೇಕು: ಆ ಪತ್ರಗಳಲ್ಲಿ ಮಿಷನರಿಗೆ ಹೆಸರಿರುತ್ತದೆ, ಜೊತೆಗಿದ್ದವರು ಬಹುಪಾಲು ‘ದೇಶೀಯ ಕೆಲಸಗಾರ’, ‘ನಮ್ಮ ಬೈಬಲ್ ಹೆಂಗಸು’. ಆ ಬೈಬಲ್ ಹೆಂಗಸು ಯಾರೆಂದು ಹೇಳಬಲ್ಲವರು ಸ್ಪ್ರಿಂಗ್‌ಫೀಲ್ಡಿನಲ್ಲಿ ಇಲ್ಲ. ಅವರ ಮರಿಮಗಳು ಇಲ್ಲೇ ಎಲ್ಲೋ ಇದ್ದಾಳೆ.

ಎಲ್ಲಕ್ಕಿಂತ ದೊಡ್ಡ ಆಕರ ಸಾಕ್ಷಿ. ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಹೇಳುವ ಸಾಕ್ಷಿಯೇ ಈ ಸಭೆಗಳ ನಡೆದಾಡುವ ಗ್ರಂಥಾಲಯ. ಸ್ವಿಸ್ ವಿದ್ವಾಂಸ ವಾಲ್ಟರ್ ಹಾಲೆನ್‌ವೇಗರ್ ಪೆಂಟೆಕೋಸ್ಟಲ್ ನಂಬಿಕೆಯ ತಿರುಳೇ ಬಾಯ್ಮಾತಿನ ಆರಾಧನೆ, ಕಥನದ ದೇವತಾಶಾಸ್ತ್ರ ಎಂದು ವಾದಿಸಿದರು. ಆದರೆ ಸಾಕ್ಷಿಗೆ ತನ್ನದೇ ಅಚ್ಚಿದೆ. ಪಾಪದ ಜೀವನ, ಕಾಯಿಲೆ, ಪ್ರಾರ್ಥನೆ, ಬಿಡುಗಡೆ. ನೂರು ಸಲ ಹೇಳಿದ ಮೇಲೆ ಆ ಅಚ್ಚಿಗೆ ಹೊಂದದ ವಿವರಗಳು ಉದುರಿಹೋಗುತ್ತವೆ. ಆದ್ದರಿಂದ ಸಂದರ್ಶನ ಮಾಡುವವರು ಸಾಕ್ಷಿಯನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಪಕ್ಕದ ಪ್ರಶ್ನೆಗಳನ್ನು ಕೇಳಬೇಕು. ಆಗ ನೀವು ಯಾವ ಕೆಲಸದಲ್ಲಿದ್ದಿರಿ, ಅಮ್ಮಾ? ಕೂಲಿ ಎಷ್ಟಿತ್ತು? ಕೂಟಕ್ಕೆ ಹೇಗೆ ಹೋಗುತ್ತಿದ್ದಿರಿ? ಬಿಳಿ ಸೀರೆ ಯಾವಾಗಿನಿಂದ, ಓಲೆ ತೆಗೆದದ್ದು ಯಾವಾಗ, ಮನೆಯವರು ಏನೆಂದರು? ಆ ಓಲೆಯ ಪ್ರಶ್ನೆಯೊಂದೇ ಒಂದು ಗಂಟೆಯ ಮಾತಿಗೆ ಬಾಗಿಲು ತೆರೆಯುತ್ತದೆ.

ಕೆಲಸದ ಬಗೆ ಕಷ್ಟದ್ದಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮೊದಲು ತಾರೀಖು, ಊರು, ಮಾತಾಡುವವರ ಹೆಸರು ಹೇಳಿ ರೆಕಾರ್ಡ್ ಮಾಡಿದರೆ ಸಾಕು. ಹಳೆಯ ಕಾಗದವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಆ ಬಿಸಿ ಮತ್ತು ಅಂಟಿನಿಂದ ಕಾಗದವನ್ನು ಮತ್ತೆ ಬಿಡಿಸಲಾಗದು. ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿರಿ. ಅಂಟಿನ ಆಲ್ಬಮ್ಮಿನಿಂದ ಬಿಡದ ಫೋಟೋವನ್ನು ಕೀಳದೆ ಇದ್ದಲ್ಲೇ ಕ್ಯಾಮೆರಾದಲ್ಲಿ ಹಿಡಿಯಿರಿ. 80, 90ರ ದಶಕದ ಕನ್ವೆನ್ಷನ್ ಬೋಧನೆಗಳ ಕ್ಯಾಸೆಟ್ಟುಗಳು ಅನೇಕ ಕಡೆ ಸ್ಪೀಕರುಗಳ ಜೊತೆ ಒಂದೇ ಕಪಾಟಿನಲ್ಲಿವೆ. ಸ್ಪೀಕರಿನ ಅಯಸ್ಕಾಂತ ಅವಕ್ಕೆ ಶತ್ರು, ಬೂಷ್ಟು ಇನ್ನೊಂದು ಶತ್ರು. ಅವನ್ನು ಈಗಲೇ ಡಿಜಿಟಲ್ ಮಾಡಿಸಬೇಕು. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಪೂರ್ತಿ ಬರುತ್ತದೆ. ಮೂರು ಪ್ರತಿಗಳು ಇರಲಿ, ಒಂದು ಬೇರೆ ಊರಿನಲ್ಲಿರಲಿ.

ಇವನ್ನೆಲ್ಲ ಎಲ್ಲಿ ಇಡುವುದು ಎಂಬುದು ಕಠಿಣ ಪ್ರಶ್ನೆ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ವ್ಯವಸ್ಥಿತ ದಾಖಲೆ ಸಂಗ್ರಹವಿದೆ. ಸಾಯಾಕ್ಸ್‌ನಂಥ ದೇವತಾಶಾಸ್ತ್ರದ ಸಂಸ್ಥೆಗಳಲ್ಲಿ ಒಳ್ಳೆಯ ಗ್ರಂಥಾಲಯವಿದೆ. ಸಣ್ಣ ಸಭೆಗಳಿಗೆ ದೊಡ್ಡ ಸಂಸ್ಥೆಗಳ ಮೇಲೆ ಅನುಮಾನ ಇರುವುದು ಸಹಜ, ಕೊಟ್ಟ ಮೂಲಪ್ರತಿ ಮರಳಿ ಬಾರದ ಅನುಭವ ಹಲವರಿಗಿದೆ. ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅಪಾಯದಂಚಿನ ದಾಖಲೆಗಳ ಯೋಜನೆಯಲ್ಲಿ ಮೂಲಪ್ರತಿ ಅದು ಹುಟ್ಟಿದ ನಾಡಿನಲ್ಲೇ ಇರುತ್ತದೆ, ಹೊರಗೆ ಹೋಗುವುದು ಡಿಜಿಟಲ್ ಪ್ರತಿ. ನಮಗೂ ಅದೇ ನಿಯಮ ಸರಿ. ಮೂಲ ಸಭೆಯ ಕಬ್ಬಿಣದ ಬೀರುವಿನಲ್ಲಿರಲಿ, ಪ್ರತಿ ಕಾಲೇಜಿಗೆ ಹೋಗಲಿ.

ಸಭೆಯ ಚರಿತ್ರೆಯಲ್ಲಿ ಒಡಕು, ಹಣದ ಜಗಳ, ಬಿದ್ದುಹೋದ ಸೇವಕ, ಜಾತಿ ನೋಡಿ ನಡೆದ ಮದುವೆಗಳು ಬರಬೇಕೇ? ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ ಬಾರ್ನಬರ ಜಗಳವಿದೆ, ಹೊಲ ಮಾರಿದ ಹಣದಲ್ಲಿ ವಂಚಿಸಿದ ಅನನೀಯ ಸಪ್ಫೈರರಿದ್ದಾರೆ, ಊಟದ ಹಂಚಿಕೆಯಲ್ಲಿ ವಿಧವೆಯರಿಗೆ ಆದ ಅನ್ಯಾಯವಿದೆ. ಲೂಕನು ಸ್ಮರಣ ಸಂಚಿಕೆ ಬರೆಯಲಿಲ್ಲ.

ಈ ಕೆಲಸಕ್ಕೆ ಸಮಯ ಹೆಚ್ಚಿಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಲೈನುಗಳಲ್ಲಿ ಶಿಫ್ಟು ಮುಗಿಸಿ ಬಂದು ರಾತ್ರಿ ಪ್ರಾರ್ಥನೆಗೆ ಕೂತವರ ಮಕ್ಕಳು ಇಂದು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಓಡಾಡುತ್ತಾರೆ, ಹಲವರು ಊರನ್ನೇ ಬಿಟ್ಟಿದ್ದಾರೆ. ಅಂದು ಮೂವತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತರ ಆಚೀಚೆ, ಅವರಿಗೆ ಕೈಹಿಡಿದು ಹಾಡು ಕಲಿಸಿದವರು ತೊಂಬತ್ತರ ಹತ್ತಿರ. ಓದುಗರೇ, ನಿಮ್ಮ ಸಭೆಯಲ್ಲಿ ಅಂಥ ಒಬ್ಬ ಅಜ್ಜಿ ಇದ್ದರೆ ಈ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಪಕ್ಕ ಕೂತುಕೊಳ್ಳಿ. ಮೊದಲ ಪ್ರಾರ್ಥನೆ ಯಾರ ಮನೆಯಲ್ಲಿ ನಡೆಯಿತು ಎಂದು ಕೇಳಿ, ಆ ಹೆಸರನ್ನು ಬರೆದುಕೊಳ್ಳಿ.